ವಾಟರ್‌ಶೆಡ್‌ಗೆ ‘ಅಚ್ಚುಕಟ್ಟು’ ಎನ್ನಬಹುದೇ?

ಪ್ರಶ್ನೆ: ಭದ್ರಾ ನದಿಗೆ ಸೇರುವ ಹಳ್ಳಗಳಲ್ಲಿ ನೀರುಹುಳುಗಳನ್ನು ಲೆಕ್ಕ ಹಾಕುವ ಎಂಎಸ್ಸಿ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ನಮೂನೆ ಸಿದ್ಧವಾಗುತ್ತಿದೆ. ಕರಡಿನಲ್ಲಿ ವಾಟರ್‌ಶೆಡ್‌ಗೆ ‘ಅಚ್ಚುಕಟ್ಟು’, ನಿಂಫ್‌ಗೆ ‘ಮರಿಹುಳು’, ರಿಫಲ್‌ಗೆ ‘ಝರಿ’ ಎಂದಿದೆ. ಸರಿಯೇ?

ಉತ್ತರ: ಮೂರೂ ಸರಿಯಿಲ್ಲ, ಮೊದಲನೆಯದಂತೂ ತಲೆಕೆಳಗು. ಅಚ್ಚುಕಟ್ಟು ಎಂದರೆ ಕೆರೆ ಅಥವಾ ಅಣೆಕಟ್ಟೆಯ ನೀರುಣ್ಣುವ ಜಮೀನು, ಕಟ್ಟೆಯ ಕೆಳಗಿನದು. ಮಳೆನೀರನ್ನು ಹೊಳೆಗೆ ತಂದು ಸೇರಿಸುವ ಮೇಲಿನ ನೆಲ ಜಲಾನಯನ ಪ್ರದೇಶ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯನ್ನೇ ನೋಡಿ: ಕುದುರೆಮುಖದ ಕಡೆಯ ಕಾಡು ಜಲಾನಯನ, ದಾವಣಗೆರೆ ಕಡೆಯ ಭತ್ತದ ಗದ್ದೆ ಅಚ್ಚುಕಟ್ಟು. ಪದ ಅದಲುಬದಲಾದರೆ ಕಾಡಿನ ಹಳ್ಳದ ಮಾದರಿಯನ್ನು ಗದ್ದೆಯ ಗೊಬ್ಬರ, ಕೀಟನಾಶಕ ಬಸಿದು ಬರುವ ನೀರಿನದೆಂದು ಓದಿಕೊಳ್ಳುತ್ತಾರೆ.

ಇನ್ನೊಂದು ತೊಡಕೂ ಇದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ವಾಟರ್‌ಶೆಡ್ ಎಂದರೆ ನೆಲವಲ್ಲ, ನೀರು ಎರಡು ಕಡೆಗೆ ಒಡೆಯುವ ಬೆಟ್ಟದ ನೆತ್ತಿ. ಅದಕ್ಕೆ ಜಲವಿಭಾಜಕ ಎನ್ನಿ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಕೊನೆಗೆ ಬಂಗಾಳ ಕೊಲ್ಲಿಯ ಪಾಲಾಗಿ, ನೇತ್ರಾವತಿ ಅರಬ್ಬೀ ಸಮುದ್ರದ ಪಾಲಾಗುವುದು ಇಂಥ ನೆತ್ತಿಯಿಂದಲೇ. ತುಂಗಭದ್ರೆಯೂ ಸೇರುವ ಕೃಷ್ಣೆಯ ಇಡೀ ಜಲಾನಯನದ ಮಾತಾದರೆ ‘ಕೊಳ್ಳ’ ಬಳಕೆಯಲ್ಲಿದೆ.

‘ಮರಿಹುಳು’ ಎಂದರೆ ಮುಂದೆ ಕೋಶ ಕಟ್ಟುವ ಜೀವಿ ಎಂದೇ ತಿಳಿಯುತ್ತಾರೆ. ನೀರಿನಲ್ಲಿ ಬೆಳೆಯುವ ಏರೋಪ್ಲೇನ್ ಚಿಟ್ಟೆ, ಮೇಫ್ಲೈ, ಸ್ಟೋನ್‌ಫ್ಲೈ ಕೀಟಗಳಿಗೆ ಕೋಶಾವಸ್ಥೆಯೇ ಇಲ್ಲ, ಅವುಗಳ ಮರಿಗೆ ನಿಂಫ್ ಎಂದೇ ಇರಲಿ. ಕ್ಯಾಡಿಸ್‌ಫ್ಲೈಗೆ ಕೋಶ ಉಂಟು, ಹಾಗಾಗಿ ಅದರ ಮರಿ ಲಾರ್ವ. ನಿಂಫ್‌ಗೆ ಇಂಗ್ಲಿಷಿನಲ್ಲಿ ದೇವಕನ್ಯೆ ಎಂಬ ಅರ್ಥವೂ ಇದೆ, ಆದರೆ ‘ಅಪ್ಸರೆ’ ಎಂಬ ಅನುವಾದ ಮೊಣಕಾಲುದ್ದ ನೀರಿನಲ್ಲಿ ನಿಂತವರಿಗೆ ನಗು ತರಿಸೀತು, ಬಿಟ್ಟುಬಿಡಿ.

ಝರಿಯೆಂದರೆ ಗುಡ್ಡದಿಂದ ಧುಮುಕಿ ಬರುವ ನೀರು. ರಿಫಲ್ ಅದಲ್ಲ. ಹೊಸ ಪದ ಹೊಸೆಯದೆ ‘ನೀರು ಕಲ್ಲುಗಳ ಮೇಲೆ ತೆಳುವಾಗಿ, ಸದ್ದು ಮಾಡುತ್ತ ಹರಿಯುವ ಕಡೆ’ ಎಂದು ಬರೆಯಿರಿ. ಅದಕ್ಕೆ ಎದುರಾದದ್ದು ಮಡು. ಹಳ್ಳದ ತಳದ ಹುಳು ಹಿಡಿಯುವ, 30 × 30 ಸೆಂ.ಮೀ. ಚೌಕಟ್ಟಿನ ಸರ್ಬರ್ ಬಲೆ ನಡೆಯುವುದು ಇಂಥ ತೆಳುನೀರಿನಲ್ಲೇ. ಕಲ್ಲುಜ್ಜಿದಾಗ ಬಿಟ್ಟುಕೊಂಡ ಹುಳುವನ್ನು ಬಲೆಯೊಳಕ್ಕೆ ಒಯ್ಯಲು ಸೆಳವು ಬೇಕು. ಮಡುವಿನಲ್ಲಿ ಅವು ಅಲ್ಲೇ ತಳ ಸೇರಿ ಲೆಕ್ಕ ಸುಳ್ಳೇ ಕಡಿಮೆ ಬರುತ್ತದೆ. ಚದರ ಮೀಟರಿಗೆ ತರಲು ಸುಮಾರು 11ರಿಂದ ಗುಣಿಸುವಾಗ ಆ ತಪ್ಪೂ 11 ಪಟ್ಟಾಗುತ್ತದೆ.

ಕರಡಿನಲ್ಲಿ ‘ಬಲೆಯ ಬಾಯಿ ಹರಿವಿನ ದಿಕ್ಕಿಗೆ’ ಎಂದೇನಾದರೂ ಇದ್ದರೆ ಅದನ್ನೂ ತಿದ್ದಿ. ಓದಿದವರು ಬಾಯನ್ನು ನೀರು ಹೋಗುವ ಕಡೆಗೆ ತಿರುಗಿಸಿಯಾರು. ‘ಹರಿವಿಗೆ ಎದುರಾಗಿ’ ಎಂದಿರಲಿ.