ದೊಡ್ಡ ಬಾಸ್ ಮೀನಿಗೆ ಯಾವ ಸ್ವಿಮ್‌ಬೇಟ್, ಯಾವ ರಾಡ್?

ಪ್ರಶ್ನೆ: ಸರ್, ನಮಸ್ಕಾರ. ಗಾಳಕ್ಕೆ ಸಣ್ಣ ಬಾಸ್ ಮೀನು ಸಾಕಷ್ಟು ಸಿಗುತ್ತಿವೆ, ದೊಡ್ಡದು ಮಾತ್ರ ಇಲ್ಲ. ಅದಕ್ಕೇ 8 ಇಂಚಿನ, ಟ್ರೌಟ್ ಮೀನಿನ ಆಕಾರದ ಸ್ವಿಮ್‌ಬೇಟ್ (ಈಜುವ ಮೀನಿನಂತೆ ಕಾಣುವ ಕೃತಕ ಎರೆ) ತಗೊಂಡೆ. ತೂಕ 5 ಔನ್ಸ್ ಮೇಲಿದೆ. ನನ್ನದು 7 ಅಡಿಯ ಮೀಡಿಯಂ ಹೆವಿ, ಅಂದರೆ ಮಧ್ಯಮಕ್ಕಿಂತ ಸ್ವಲ್ಪ ಗಟ್ಟಿಯ ರಾಡ್ (ಗಾಳದ ಕೋಲು). ಇದರಲ್ಲೇ ಎಸೆಯಬಹುದಾ?

ಉತ್ತರ: ದಯವಿಟ್ಟು ಬೇಡ. ಹಿಡಿಯ ಮೇಲೆ ರಾಡ್ ಎಷ್ಟು ತೂಕ ತಾಳುತ್ತದೆ ಅಂತ ಬರೆದಿರುತ್ತಾರೆ, ಓದಿ ನೋಡಿ. ಇಂಥ ರಾಡ್‌ಗಳಲ್ಲಿ ಸಾಮಾನ್ಯವಾಗಿ 1 ಔನ್ಸ್ ಆಸುಪಾಸಿಗೆ ನಿಲ್ಲುತ್ತದೆ. ನೀವು ಕಟ್ಟಲು ಹೊರಟಿರುವುದು ಹೆಚ್ಚುಕಡಿಮೆ 140 ಗ್ರಾಂ. ಜೋರಾಗಿ ಬೀಸಿದರೆ ರಾಡ್ ಮುರಿಯಬಹುದು. ರೀಲ್‌ನಲ್ಲಿ (ದಾರ ಸುತ್ತುವ ಚಕ್ರ) ಲೈನ್ ಸಿಕ್ಕು ಬಿದ್ದರಂತೂ ಲೈನ್ ಫಟ್ ಅಂತ ಹರಿದು, ಬೇಟ್ ಮಾತ್ರ ಕೆರೆಯ ನಡುವೆ ಹೋಗಿ ಬೀಳುತ್ತದೆ.

ಆ ತೂಕಕ್ಕೆ ಏಳೂವರೆಯಿಂದ ಎಂಟು ಅಡಿಯ, 8 ಔನ್ಸ್‌ವರೆಗೆ ತಾಳುವ ರಾಡ್ ಬೇಕು. ತುದಿ ಮಾತ್ರವಲ್ಲ, ನಡುವಿನವರೆಗೂ ಬಾಗಬೇಕು. ರೀಲ್ 300 ಅಥವಾ 400 ಸೈಜ್. ಗೇರ್ 5 ಅಥವಾ 6ಕ್ಕೆ 1 (ಹಿಡಿಯ ಒಂದು ಸುತ್ತಿಗೆ ದಾರದ ಉರುಳೆ ಐದಾರು ಸುತ್ತು) ಇದ್ದರೆ ಸಾಕು, ನಿಧಾನವಾಗಿ ಸುತ್ತಲು ಅದೇ ವಾಸಿ. ಎಸೆಯುವಾಗ ಮಣಿಕಟ್ಟಿನಿಂದ ಝಾಡಿಸಬೇಡಿ. ತುದಿಯಿಂದ ಎರಡು ಮೂರು ಅಡಿ ಲೈನ್ ಇಳಿಬಿಟ್ಟು, ಬೇಟಿನ ಭಾರ ರಾಡ್ ಮೇಲೆ ಬಂದ ಮೇಲೆ ಎರಡೂ ಕೈಯಿಂದ ನಿಧಾನಕ್ಕೆ ಬೀಸಿ.

ಪ್ರಶ್ನೆ: ಅಂದರೆ ಈಗಿರುವ ರಾಡ್ ಸುಮ್ನೆ ಮೂಲೆಗೆ ಇಡಬೇಕಾ?

ಉತ್ತರ: ಯಾಕೆ? ಮೊದಲ ಸ್ವಿಮ್‌ಬೇಟ್ ಅದರಲ್ಲೇ ಶುರು ಮಾಡಿ. 4ರಿಂದ 5 ಇಂಚಿನ ಮೆತ್ತನೆಯ ಪ್ಯಾಡಲ್ ಟೇಲ್ (ಚಪ್ಪಟೆ ಬಾಲ ಅಲ್ಲಾಡಿಸುವ ಬೇಟ್) ತಗೊಳ್ಳಿ. ಬಯಲು ನೀರಿದ್ದರೆ ಅರ್ಧ ಔನ್ಸ್ ಜಿಗ್ ಹೆಡ್ (ತಲೆಯಲ್ಲಿ ತೂಕ ಇರುವ ಕೊಕ್ಕೆ), ಪಾಚಿ ಜಾಸ್ತಿ ಇದ್ದರೆ ಹೊಟ್ಟೆಯಲ್ಲಿ ಸೀಸ ಇರುವ ಅಗಲ ಕೊಕ್ಕೆ. ಕೊಕ್ಕೆ ಸರಿಯಾಗಿ ನಡುವೆ ಚುಚ್ಚಿದ್ದೀರಾ ಅಂತ ಕಾಲ ಬುಡದಲ್ಲೇ ನೀರಿಗೆ ಬಿಟ್ಟು ನೋಡಿ. ಎಳೆದಾಗ ಒಂದು ಕಡೆ ವಾಲಿದರೆ ಬಿಚ್ಚಿ ಮತ್ತೆ ಚುಚ್ಚಿ. ಎಷ್ಟು ನಿಧಾನ ಎಳೆದರೆ ಬಾಲ ಅಲ್ಲಾಡುವುದು ನಿಲ್ಲುತ್ತದೆ ಅಂತಲೂ ಅಲ್ಲೇ ಗುರುತು ಮಾಡಿಕೊಳ್ಳಿ. ದೊಡ್ಡ ಮೀನಿಗೆ ಅದಕ್ಕಿಂತ ಒಂದು ಚೂರು ಜಾಸ್ತಿ ವೇಗ ಸಾಕು. ಬಹಳ ಜನ ಎಡವುವುದು ಇಲ್ಲೇ, ಗಡಿಬಿಡಿಯಲ್ಲಿ ಸುತ್ತುತ್ತಾರೆ.

ಇನ್ನೊಬ್ಬ ಸದಸ್ಯರು: ನಮ್ಮ ನೀರಿನಲ್ಲಿ ಟ್ರೌಟೇ ಇಲ್ಲ ಸರ್. ಟ್ರೌಟ್ ಬಣ್ಣದ ಬೇಟ್ ನಡೆಯುತ್ತದಾ?

ಉತ್ತರ: ಒಳ್ಳೆ ಪ್ರಶ್ನೆ. ಟ್ರೌಟ್ ಬೇಟ್‌ಗಳಿಗೆ ಹೆಸರು ಬಂದದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಜಲಾಶಯಗಳಿಂದ. ಅಲ್ಲಿ ಚಳಿಗಾಲದಲ್ಲಿ ರೇನ್‌ಬೋ ಟ್ರೌಟ್ ತಂದು ಬಿಡುತ್ತಾರೆ, ಬಾಸ್ ಅವನ್ನು ತಿಂದು ಕೊಬ್ಬುತ್ತವೆ. ನಿಮ್ಮಲ್ಲಿ ಬಾಸ್ ಏನು ತಿನ್ನುತ್ತದೋ ಆ ಆಕಾರ ಹಾಕಿ. ಶ್ಯಾಡ್ ಮೀನು ಇದ್ದರೆ ಬೆಳ್ಳಿ ಬಣ್ಣದ್ದು, ಬ್ಲೂಗಿಲ್ ಮೀನು ಇದ್ದರೆ ಅಗಲ ಮೈಯದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ 22 ಪೌಂಡ್ 4 ಔನ್ಸ್‌ನ ಬಾಸ್ ಹಿಡಿದು 1932ರ ವಿಶ್ವದಾಖಲೆ ಸರಿಗಟ್ಟಿದರಲ್ಲ, ಅದು ಕಚ್ಚಿದ್ದು ಜೀವಂತ ಬ್ಲೂಗಿಲ್‌ಗೆ.

ಪ್ರಶ್ನೆ: ಗ್ಲೈಡ್ ಬೇಟ್ (ಎಳೆದಾಗ ಎಡಬಲಕ್ಕೆ ಜಾರುವ ಸ್ವಿಮ್‌ಬೇಟ್) ಹಿಂದೆ ದೊಡ್ಡ ಮೀನು ಬರುತ್ತದೆ, ಹತ್ತಿರ ಬಂದು ತಿರುಗಿಬಿಡುತ್ತದೆ. ಹೊಟ್ಟೆ ಉರಿಯುತ್ತದೆ ಸರ್!

ಉತ್ತರ: ಎಲ್ಲರ ಹೊಟ್ಟೆಯೂ ಉರಿದಿದೆ ಬಿಡಿ. ಒಂದೇ ವೇಗದಲ್ಲಿ ಎಳೆದರೆ ಅದು ನೋಡುತ್ತಾ ಬರುತ್ತದೆ ಅಷ್ಟೇ. ಮೀನು ಕಂಡ ತಕ್ಷಣ ಬೇಟ್ ನಿಲ್ಲಿಸಬೇಡಿ, ನಿಂತರೆ ಅನುಮಾನ ಪಡುತ್ತದೆ. ರೀಲ್‌ನ ಹಿಡಿಯನ್ನು ಚಟಚಟ ಅಂತ ಎರಡು ಅರ್ಧ ಸುತ್ತು ತಿರುಗಿಸಿ. ಬೇಟ್ ಗಾಬರಿಬಿದ್ದು ಓಡಿದ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಬೇಕು. ಕೆಲವು ಸಲ ಅದು ಪೂರ್ತಿ ಹಿಂತಿರುಗಿ ಮೀನಿನ ಮುಖಕ್ಕೇ ನಿಲ್ಲುತ್ತದೆ, ಕಚ್ಚುವುದು ಹೆಚ್ಚಾಗಿ ಆಗಲೇ. ನೀರು ತೀರಾ ತಿಳಿಯಾಗಿದ್ದು ಬಿಸಿಲಿದ್ದರೆ ಇದೂ ನಡೆಯದೆ ಇರಬಹುದು. ಮೋಡ ಕವಿದಾಗ, ಗಾಳಿಗೆ ನೀರು ಕದಡಿದಾಗ ಅದೇ ಜಾಗಕ್ಕೆ ಮತ್ತೆ ಹೋಗಿ.

ಪ್ರಶ್ನೆ: ಲೈನ್ ಯಾವುದು? ಬ್ರೇಡ್ (ಹೆಣೆದ ದಾರ) ಹಾಕಲಾ?

ಉತ್ತರ: ಪ್ಯಾಡಲ್ ಟೇಲ್‌ಗೆ 15ರಿಂದ 17 ಪೌಂಡ್ ತಾಳುವ ಫ್ಲೋರೋಕಾರ್ಬನ್ ದಾರ. ದೊಡ್ಡ ಬೇಟ್‌ಗೆ 20ರಿಂದ 25. ಮೇಲ್ಮಟ್ಟದಲ್ಲಿ ಆಡಿಸುವುದಾದರೆ ಮಾನೋ (ಒಂಟಿ ಎಳೆಯ ನೈಲಾನ್ ದಾರ) ಹಾಕಿ, ಫ್ಲೋರೋದಷ್ಟು ಬೇಗ ಮುಳುಗುವುದಿಲ್ಲ. ದಟ್ಟ ಪಾಚಿಯಲ್ಲಿ 65 ಪೌಂಡಿನ ಬ್ರೇಡ್ ಸರಿ. ಆದರೆ ಅದು ಹಿಗ್ಗುವುದೇ ಇಲ್ಲ ಅನ್ನಬಹುದು, ಮೂರು ಮುಳ್ಳಿನ ಕೊಕ್ಕೆ ಇದ್ದಾಗ ಜೋರಾಗಿ ಜಗ್ಗಿದರೆ ಬಾಯಿ ಹರಿದು ಮೀನು ತಪ್ಪಿಸಿಕೊಳ್ಳುತ್ತದೆ. ಕಚ್ಚಿದಾಗ ಸುತ್ತುತ್ತಲೇ ಇರಿ, ಭಾರ ಸಿಕ್ಕ ಮೇಲೆ ರಾಡ್ ಪಕ್ಕಕ್ಕೆ ಎಳೆಯಿರಿ. ಇನ್ನು, ದೊಡ್ಡ ಬಲೆ ಮತ್ತು ಉದ್ದ ಮೂತಿಯ ಇಕ್ಕಳ ಜೊತೆಗಿರಲಿ. 8 ಇಂಚಿನ ಬೇಟಿನ ಕೊಕ್ಕೆ ಬರಿಗೈಯಲ್ಲಿ ಬಿಡಿಸಲು ಹೋಗಬೇಡಿ.