ರಜೆಗೆ ಬಂದ ನಿಂಟೆಂಡೊ ಸ್ವಿಚ್: ಮನೆಮಂದಿಯೆಲ್ಲ ಆಡಲು ಯಾವ ಆಟ ಸೂಕ್ತ?

ಪ್ರಶ್ನೆ (ಮೈಸೂರಿನಿಂದ)
ಅಮೆರಿಕದಲ್ಲಿರುವ ನನ್ನ ತಮ್ಮ ದಸರಾ ರಜೆಗೆ ಊರಿಗೆ ಬರುವಾಗ ನಿಂಟೆಂಡೊ ಸ್ವಿಚ್ ಎಂಬ ವಿಡಿಯೊ ಗೇಮ್ ಯಂತ್ರ ತಂದುಕೊಟ್ಟಿದ್ದಾನೆ. ಮಕ್ಕಳು ಅದರ ಮುಂದಿನಿಂದ ಏಳುತ್ತಲೇ ಇಲ್ಲ. ಆದರೆ ಎಪ್ಪತ್ತು ದಾಟಿರುವ ನಮ್ಮ ತಂದೆಯವರೂ ಅವರ ಜೊತೆ ಕೂತು ಆಡುವಂತಾಗಬೇಕೆಂಬುದು ನನ್ನ ಆಸೆ. ಯಾವ ಆಟದಿಂದ ಆರಂಭಿಸಬಹುದು? ಅಲ್ಲಿಯ ಅಡಾಪ್ಟರ್ ನಮ್ಮ ವಿದ್ಯುತ್ತಿಗೆ ಹೊಂದುತ್ತದೆಯೇ?

ಉತ್ತರ 1
ನಿಂಟೆಂಡೊದ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೂ ಕೆಲಸ ಮಾಡುವುದರಿಂದ ಪಿನ್ ಬದಲಿಸುವ ಕನ್ವರ್ಟರ್ ಒಂದಿದ್ದರೆ ಸಾಕು. ತಂದೆಯವರಿಗೆ 2022ರಲ್ಲಿ ಬಂದ ‘ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್’ನ ಬೌಲಿಂಗ್ ಹಾಕಿಕೊಡಿ. ಜಾಯ್-ಕಾನ್ (ಅದರ ಪುಟ್ಟ ಕೈ ನಿಯಂತ್ರಕ) ಹಿಡಿದ ಕೈಯನ್ನು ಹಿಂದಕ್ಕೆಳೆದು ಮುಂದಕ್ಕೆ ಬೀಸಿದರೆ ಪರದೆಯ ಮೇಲೆ ಚೆಂಡು ಉರುಳುತ್ತದೆ. ಹತ್ತಾರು ಗುಂಡಿಗಳನ್ನು ನೆನಪಿಡುವ ಗೋಜಿಲ್ಲ. ಮಣಿಕಟ್ಟಿನ ಪಟ್ಟಿಯನ್ನು ಮಾತ್ರ ಬಿಗಿಯಾಗಿ ಹಾಕಿಸಿ, ಟಿವಿ ಉಳಿಯಬೇಕಲ್ಲ!

ಉತ್ತರ 2
ಬೌಲಿಂಗ್‌ನಲ್ಲಿ ಮಕ್ಕಳಿಗೆ ಬೇಗ ಬೇಸರ ಬರುತ್ತದೆ. ‘ಮಾರಿಯೊ ಕಾರ್ಟ್ 8 ಡಿಲಕ್ಸ್’ ಎಂಬ ವಾಹನ ಓಟದ ಆಟ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸ್ಮಾರ್ಟ್ ಸ್ಟೀರಿಂಗ್ ಮತ್ತು ಆಟೋ-ಆಕ್ಸಿಲರೇಟ್ ಎಂಬ ಎರಡು ಸೌಲಭ್ಯಗಳಿದ್ದು, ಇವುಗಳನ್ನು ಆನ್ ಮಾಡಿದರೆ ವಾಹನ ತಾನಾಗಿ ಓಡುತ್ತಾ ರಸ್ತೆ ಬಿಟ್ಟು ಹೊರಬೀಳದೆ ಸಾಗುವುದರಿಂದ, ಹೊಸಬರು ಕೂಡ ಪಂದ್ಯ ಮುಗಿಸಬಲ್ಲರು. ಒಂದೇ ಟಿವಿಯಲ್ಲಿ ನಾಲ್ವರು ಆಡಬಹುದು; ಜೊತೆಗೆ ಬರುವ ಎರಡು ಜಾಯ್-ಕಾನ್‌ಗಳನ್ನು ಬೇರ್ಪಡಿಸಿದರೆ ಇಬ್ಬರಿಗಾಗುತ್ತದೆ, ಉಳಿದಿಬ್ಬರಿಗೆ ಇನ್ನೊಂದು ಜೋಡಿ ಕೊಳ್ಳಬೇಕು.

ಉತ್ತರ 3
ಮಕ್ಕಳು ಏಳುತ್ತಿಲ್ಲವೆಂದಿರಿ. ನಿಂಟೆಂಡೊದ ಪೋಷಕರ ನಿಯಂತ್ರಣ ಆ್ಯಪನ್ನು ನಿಮ್ಮ ಮೊಬೈಲಿಗೆ ಹಾಕಿಕೊಂಡು ದಿನದ ಅವಧಿಯನ್ನು ನಿಗದಿಪಡಿಸಿ. ಸಮಯ ಮುಗಿದಾಗ ಅದು ಬರಿಯ ಎಚ್ಚರಿಕೆ ತೋರಿಸುತ್ತದೆ. ಆಟವೇ ನಿಲ್ಲಬೇಕೆಂದರೆ ಅದಕ್ಕಿರುವ ಪ್ರತ್ಯೇಕ ಆಯ್ಕೆಯನ್ನು ಆನ್ ಮಾಡಬೇಕು.