‘ಹಂತ’: ರೋಗಕ್ಕೂ ಅದೇ ಪದ, ಔಷಧ ಪ್ರಯೋಗಕ್ಕೂ ಅದೇ ಪದ

ಮಾನ್ಯರೇ,

ಕ್ಯಾನ್ಸರ್ ರೋಗಿಗಳಿಗೆ ಕೊಡುವ ಕ್ಲಿನಿಕಲ್ ಟ್ರಯಲ್ (ಹೊಸ ಔಷಧವನ್ನು ಜನರಲ್ಲಿ ಪರೀಕ್ಷಿಸುವ ಪ್ರಯೋಗ) ಒಪ್ಪಿಗೆ ಪತ್ರಗಳ ಕನ್ನಡದಲ್ಲಿ ‘ಹಂತ’ ಎಂಬ ಪದವು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತಿದೆ. ಇವುಗಳಲ್ಲಿ ಒಂದಕ್ಕಾದರೂ ಬೇರೆ ಪದ ಬೇಕೆಂದು ನನಗೆ ತೋರಿದ್ದರಿಂದ ಬಲ್ಲವರ ಅಭಿಪ್ರಾಯ ಕೇಳುತ್ತಿದ್ದೇನೆ.

ನನ್ನ ಚಿಕ್ಕಮ್ಮನಿಗೆ ಇಂತಹ ಪತ್ರವೊಂದನ್ನು ಓದಿ ಹೇಳುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ರೋಗವು ಶ್ವಾಸಕೋಶದಿಂದ ಮೂಳೆಗೆ ಹರಡಿದ್ದರಿಂದ ಅದು ನಾಲ್ಕನೇ ಹಂತದ್ದೆಂದು ವೈದ್ಯರು ಮೊದಲೇ ತಿಳಿಸಿದ್ದರು. ಪತ್ರದ ತಲೆಬರಹದಲ್ಲಿದ್ದ ‘1ನೇ ಹಂತದ ಶ್ವಾಸಕೋಶ ಕ್ಯಾನ್ಸರ್ ಔಷಧ ಪ್ರಯೋಗ’ ಎಂಬುದನ್ನು ಓದುತ್ತಿದ್ದಂತೆಯೇ ಅವರು ನನ್ನ ಕೈ ಹಿಡಿದು, “ಹಾಗಾದರೆ ನನ್ನದು ಒಂದನೇ ಹಂತದ್ದೇ ಏನೋ? ನಾಲ್ಕು ಅಂತ ತಪ್ಪಿ ಹೇಳಿದ್ದರಾ?” ಎಂದು ಕೇಳಿದರು. ಹಾಗಲ್ಲವೆಂದು ನಾನೇ ಹೇಳಬೇಕಾಯಿತು.

ಇಂಗ್ಲಿಷಿನಲ್ಲಿ ರೋಗದ್ದು ಸ್ಟೇಜ್, ಪ್ರಯೋಗದ್ದು ಫೇಸ್. ಸ್ಟೇಜ್ ಎಂಬುದು ಗಡ್ಡೆ ಎಷ್ಟು ದೊಡ್ಡದು, ಹತ್ತಿರದ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್‌ಗಳಿಗೆ) ಮುಟ್ಟಿದೆಯೇ, ದೂರದ ಅಂಗಗಳಿಗೆ ಹರಡಿದೆಯೇ ಎಂಬುದರ ಲೆಕ್ಕ. ಅಲ್ಲಿ ಸಂಖ್ಯೆ ಏರಿದಷ್ಟೂ ರೋಗ ಮುಂದುವರಿದಿದೆ ಎಂದರ್ಥ. ಫೇಸ್ ಎಂಬುದು ಔಷಧವನ್ನು ಎಷ್ಟರ ಮಟ್ಟಿಗೆ ಪರೀಕ್ಷಿಸಲಾಗಿದೆ ಎಂಬುದರ ಲೆಕ್ಕ. ಒಂದನೆಯದರಲ್ಲಿ ಕೆಲವೇ ರೋಗಿಗಳಲ್ಲಿ ಎಷ್ಟು ಪ್ರಮಾಣ ಸುರಕ್ಷಿತ ಎಂದು ನೋಡುತ್ತಾರೆ, ಎರಡನೆಯದರಲ್ಲಿ ಆ ಕ್ಯಾನ್ಸರಿನ ಮೇಲೆ ಅದು ಕೆಲಸ ಮಾಡುವುದೇ ಎಂದು ನೋಡುತ್ತಾರೆ, ಮೂರನೆಯದರಲ್ಲಿ ಈಗಿರುವ ಚಿಕಿತ್ಸೆಯೊಂದಿಗೆ ಹೋಲಿಸುತ್ತಾರೆ, ನಾಲ್ಕನೆಯದು ಔಷಧ ಮಾರಾಟಕ್ಕೆ ಬಂದ ಮೇಲಿನದು. ಇಲ್ಲಿ ಸಂಖ್ಯೆ ಏರಿದಷ್ಟೂ ಔಷಧದ ಬಗ್ಗೆ ಹೆಚ್ಚು ತಿಳಿದಿರುತ್ತದೆ. ಬಳಕೆಯಲ್ಲಿರುವ ಚಿಕಿತ್ಸೆಗಳೆಲ್ಲ ಮುಗಿದವರನ್ನೇ ಹೆಚ್ಚಾಗಿ ಒಂದನೆಯದಕ್ಕೆ ಸೇರಿಸಿಕೊಳ್ಳುವುದರಿಂದ, ನಾಲ್ಕನೇ ಹಂತದ ರೋಗಿಯ ಕೈಗೆ ‘1ನೇ ಹಂತ’ ಎಂದು ಬರೆದ ಕಾಗದ ಬರುವುದು ಸಾಮಾನ್ಯ ಸಂಗತಿಯೇ.

ನಮ್ಮ ಸಮಾಸದ ಸ್ವಭಾವವೂ ತೊಡಕನ್ನು ಹೆಚ್ಚಿಸುತ್ತದೆ. ಮೇಲಿನ ತಲೆಬರಹದಲ್ಲಿ ‘ಹಂತದ’ ಎಂಬ ವಿಶೇಷಣವು ದೂರದ ‘ಪ್ರಯೋಗ’ಕ್ಕೆ ಸೇರಬೇಕಾದರೂ, ಓದುವವರು ಅದನ್ನು ಸಹಜವಾಗಿಯೇ ಪಕ್ಕದ ‘ಕ್ಯಾನ್ಸರ್’ಗೆ ಸೇರಿಸುತ್ತಾರೆ. ರೋಗಿಗೆ ಅರ್ಥವಾಗುವ, ತಾಂತ್ರಿಕವಲ್ಲದ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು 2019ರ ಔಷಧ ಪ್ರಯೋಗ ನಿಯಮಗಳೇ ಹೇಳುವಾಗ ಇದನ್ನು ಸಣ್ಣ ದೋಷವೆಂದು ಬಿಡಲಾಗದು.

ಪ್ರಯೋಗಕ್ಕೆ ಒಪ್ಪುವ ಪದಗಳನ್ನು ಹುಡುಕಿದೆ. ‘ಸುತ್ತು’ ಹಗುರವಾದ ಪದ, ಆದರೆ ಕೀಮೋಥೆರಪಿಯ ಸೈಕಲ್‌ಗಳನ್ನು ಈಗಾಗಲೇ ಸುತ್ತು ಎನ್ನುವುದರಿಂದ ಮತ್ತೆ ಗೊಂದಲ. ‘ಘಟ್ಟ’ ಎಂದರೆ ‘ಕೊನೆಯ ಘಟ್ಟ’ ನೆನಪಾಗುತ್ತದೆ. ರೋಗಿಯ ಮುಂದೆ ಆ ಮಾತು ಬೇಡ. ‘ಮಜಲು’ ನನಗೆ ಇಷ್ಟವಾದ ಪದ, ಆದರೆ ಅದು ಪುಸ್ತಕದ ಭಾಷೆಯಾಯಿತು. ಕರಾವಳಿಯವರಿಗಾದರೆ ಬೆಟ್ಟು, ಬೈಲುಗಳಂತೆ ಮಜಲೂ ಒಂದು ಬಗೆಯ ಗದ್ದೆ, ಅದೇ ಕಣ್ಣಮುಂದೆ ಬಂದೀತು. ಸದ್ಯಕ್ಕೆ ‘ಮೆಟ್ಟಿಲು’ ಎಂಬುದೇ ಸರಿಯೆನಿಸಿದೆ, ಏಕೆಂದರೆ ಒಂದೊಂದಾಗಿ ಹತ್ತಬೇಕೆಂಬ ಅರ್ಥ ಅದರಲ್ಲೇ ಇದೆ. ಜೊತೆಗೆ, ಸಮಾಸವನ್ನು ಬಿಡಿಸಿ ‘ಈ ಔಷಧವು ಪರೀಕ್ಷೆಯ ಮೊದಲ ಮೆಟ್ಟಿಲಿನಲ್ಲಿದೆ’ ಎಂದು ಔಷಧವನ್ನೇ ಕರ್ತೃವಾಗಿಸಿ ಬರೆದರೆ, ಸಂಖ್ಯೆ ಯಾರದ್ದೆಂಬ ಅನುಮಾನವೇ ಉಳಿಯುವುದಿಲ್ಲ.

ರೋಗದ ಮಟ್ಟಿಗೆ ಜನ ಮನೆಮಾತಿನಲ್ಲಿ “ಯಾವ ಸ್ಟೇಜು?” ಎಂದೇ ಕೇಳುತ್ತಾರೆ. ಆ ಪದವನ್ನು ಬರಹದಲ್ಲೂ ಹಾಗೆಯೇ ಉಳಿಸಿಕೊಳ್ಳುವುದು ನಿಮಗೆ ಒಪ್ಪಿಗೆಯೇ? ಹುಬ್ಬಳ್ಳಿ, ಕಲಬುರಗಿ ಕಡೆಯ ಆಸ್ಪತ್ರೆಗಳಲ್ಲಿ ರೋಗಿಗಳೊಡನೆ ಮಾತನಾಡುವ ದಾದಿಯರು ಮತ್ತು ಆಪ್ತ ಸಲಹೆಗಾರರು ಪ್ರಯೋಗದ ‘ಹಂತ’ಕ್ಕೆ ಬೇರೇನಾದರೂ ಹೇಳುತ್ತಿದ್ದರೆ, ಆ ಮಾತನ್ನು ಅವರು ಆಡುವ ಹಾಗೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.